ನಕ್ಷೆ ಬಂದ ಮೇಲೆ ಬೊಬ್ಬೆ

ಅಮೆರಿಕದ ವರ್ಜೀನಿಯಾ ರಾಜ್ಯದ ಲೌಡನ್ ಕೌಂಟಿ, ಅಂದರೆ ನಮ್ಮ ಕಡೆಯ ಜಿಲ್ಲೆಯಂಥದ್ದು. ಇಲ್ಲಿನ ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ನಿನ್ನೆ ರಾತ್ರಿಯಿಂದ ಬೆಂಕಿ ಬಿದ್ದಿದೆ. ಯಾವ ರಸ್ತೆಯ ಮಕ್ಕಳು ಯಾವ ಸರ್ಕಾರಿ ಶಾಲೆಗೆ ಎಂದು ಗೆರೆ ಎಳೆಯುವ ಶಾಲಾ ಗಡಿಗಳ ಕರಡು ನಕ್ಷೆ ಹೊರಬಿದ್ದಿದೆ. ನಮ್ಮ ರಸ್ತೆಯ ಮಕ್ಕಳೆಲ್ಲ ಬರುವ ವರ್ಷದಿಂದ ಬೇರೆ ಶಾಲೆಗೆ. ‘ಅನ್ಯಾಯ’, ‘ಮೋಸ’, ‘ವಕೀಲರನ್ನು ಹಿಡಿಯೋಣ’. ಯುಗಾದಿ ಊಟಕ್ಕೆ ಎಷ್ಟು ಜನ ಬರುತ್ತೀರಿ ಎಂದು ಗೋಗರೆದರೂ ಬಾಯಿ ಬಿಡದವರು ನಡುರಾತ್ರಿ ಎದ್ದು ಪುಟಗಟ್ಟಲೆ ಬರೆದಿದ್ದಾರೆ.

ಸ್ವಾಮಿ, ಶಾಲೆ ತುಂಬಿದ್ದು ನಕ್ಷೆ ಬರೆದವರಿಂದಲ್ಲ. ಎದುರಿನ ಹೊಲವನ್ನು ಮನೆಗಳಿಗೆ ಬಿಟ್ಟುಕೊಟ್ಟ ಸಂಜೆಯೇ ಅದು ತುಂಬಿಹೋಯಿತು. ಸಭೆಯ ದಿನಾಂಕ ಬರೆದ ಫಲಕ ರಸ್ತೆ ಬದಿಯಲ್ಲಿ ನಿಂತೇ ಇತ್ತು. ಅದರ ಮುಂದೆಯೇ ದಿನವೂ ಕಾರು ಓಡಿಸಿಕೊಂಡು ಮೆಟ್ರೋ ಹಿಡಿಯಲು ಹೋದಿರಿ. ಹೊಲವನ್ನು ಮನೆ ಕಟ್ಟುವ ಜಾಗವಾಗಿ ಬದಲಿಸುವ ಆ ರೀಝೋನಿಂಗ್ ಸಭೆಗೆ ನಮ್ಮವರೆಂದು ಬಂದಿದ್ದವರು ಯಾರು? ನಾನು, ಮತ್ತು ಕೊನೆಯ ಸಾಲಿನಲ್ಲಿ ಕುಳಿತು ತೂಕಡಿಸಿದ ನನ್ನ ಯಜಮಾನರು.

ಈ ಲೌಡನ್ ಕೌಂಟಿಯಲ್ಲಿ 1990ರಲ್ಲಿ ಸುಮಾರು 86,000 ಜನರಿದ್ದರು. 2020ರ ಜನಗಣತಿಯಲ್ಲಿ 4,20,000 ದಾಟಿತು. ಇಲ್ಲಿಯದೇ ಊರಾದ ಆ್ಯಶ್‌ಬರ್ನ್‌ವರೆಗೆ ಮೆಟ್ರೋ ಬಂದದ್ದು 2022ರ ನವೆಂಬರ್‌ನಲ್ಲಿ. ಜನ ಬರುತ್ತಾರೆ, ಬರಲಿ. ನಾನೂ ಹಾಗೆ ಬಂದವಳೇ, ನಮ್ಮ ಮನೆಯೂ ಯಾರದೋ ಹುಲ್ಲುಗಾವಲಿನ ಮೇಲೆಯೇ ನಿಂತಿದೆ. ಮನೆ ಕಟ್ಟಬೇಡಿ ಎಂದು ಹೇಳುವ ಮುಖ ನನಗಿಲ್ಲ. ಮನೆಯ ಜೊತೆಗೆ ಶಾಲೆಯನ್ನೂ ಕೇಳಿ ಎನ್ನುತ್ತಿದ್ದೇನೆ, ಅಷ್ಟೇ.

ಕೇಳಬೇಕಾದ ಜಾಗ ಯಾವುದು ಎಂಬುದು ತಿಳಿದಿರಬೇಕು. ಹೊಲ ಬಡಾವಣೆಯಾಗಬಹುದೇ ಎಂದು ತೀರ್ಮಾನಿಸುವುದು ಕೌಂಟಿಯ ಆಡಳಿತ ನಡೆಸುವ ಸೂಪರ್‌ವೈಸರ್‌ಗಳ ಮಂಡಳಿ. ಬಂದ ಮಕ್ಕಳನ್ನು ಎಲ್ಲಿ ಕೂರಿಸಬೇಕೆಂದು ತಲೆ ಚಚ್ಚಿಕೊಳ್ಳುವುದು ಶಾಲಾ ಮಂಡಳಿ. ವರ್ಜೀನಿಯಾದಲ್ಲಿ ಶಾಲಾ ಮಂಡಳಿಗೆ ತೆರಿಗೆ ಹಾಕುವ ಅಧಿಕಾರವೇ ಇಲ್ಲ. ದುಡ್ಡಿಗೆ ಮತ್ತೆ ಅದೇ ಸೂಪರ್‌ವೈಸರ್‌ಗಳ ಮುಂದೆ ಕೈಯೊಡ್ಡಬೇಕು. ರೀಝೋನಿಂಗ್ ಹೊತ್ತಿನಲ್ಲಿ ಬಿಲ್ಡರ್‌ಗಳಿಂದ ಶಾಲೆಗೆಂದು ಪಡೆಯುತ್ತಿದ್ದ ಕೊಡುಗೆಗೂ 2016ರಲ್ಲಿ ರಾಜ್ಯ ಶಾಸನಸಭೆ ಕಡಿವಾಣ ಹಾಕಿತು. ಇನ್ನು ಸರ್ವರ್ ಕಂಪ್ಯೂಟರುಗಳನ್ನು ತುಂಬಿಡುವ ಡೇಟಾ ಸೆಂಟರ್‌ಗಳೋ, ಅಳಿಯಂದಿರಿದ್ದಂತೆ ಮರ್ಯಾದೆ ಅವಕ್ಕೆ. ಸರ್ವರ್‌ಗಳಿಗೆ ಮಕ್ಕಳಿಲ್ಲವಲ್ಲ, ತೆರಿಗೆ ಮಾತ್ರ ಕಟ್ಟುತ್ತವೆ! ಆದರೆ ಅವು ಎಕರೆಗೆ ಹತ್ತು ಲಕ್ಷ ಡಾಲರ್‌ಗೂ ಮಿಕ್ಕಿ ಕೊಟ್ಟು ನೆಲ ಕೊಳ್ಳುವ ಊರಿನಲ್ಲಿ ಶಾಲೆಗೆ ಜಾಗ ಹುಡುಕುವವರ ಪಾಡು ನೋಡಿ.

ಮಗಳ ತರಗತಿ ಈಗ ಶಾಲೆಯ ಹಿಂದಿನ ಟ್ರೇಲರ್‌ನಲ್ಲಿದೆ. ಮಳೆ ಬಂದರೆ ಶೌಚಾಲಯಕ್ಕೆ ಹೋಗಲೂ ಜಾಕೆಟ್ ಹಾಕಿಕೊಂಡು ಅಂಗಳ ದಾಟಬೇಕು. ಊಟದ ಕೋಣೆ ಸಾಲದೆ ಪಾಳಿ ಮಾಡಿದ್ದಾರೆ, ಇವಳ ಪಾಳಿ ಬೆಳಗ್ಗೆ ಹತ್ತೂವರೆಗೆ. ಚಿತ್ರಾನ್ನದ ಡಬ್ಬಿ ಅರ್ಧ ಹಾಗೆಯೇ ವಾಪಸ್ ಬರುತ್ತದೆ. ಸಂಜೆ ಮನೆಗೆ ಬಂದವಳು ಶೂ ಬಿಚ್ಚುವ ಮೊದಲೇ ಫ್ರಿಜ್ ಬಾಗಿಲು ತೆಗೆಯುತ್ತಾಳೆ. ಗುಂಪಿನಲ್ಲಿ ಈ ಬಗ್ಗೆ ಒಂದು ಸಾಲು ಹುಡುಕಿದೆ. ಸಿಗಲಿಲ್ಲ. ಎಲ್ಲರ ಚಿಂತೆಯೂ ಹೊಸ ಶಾಲೆಯ ರೇಟಿಂಗ್ ಎಷ್ಟು, ಮನೆಯ ಬೆಲೆ ಎಷ್ಟು ಇಳಿಯುತ್ತದೆ ಎಂಬುದೇ.

‘ನಮಗೆ ವೋಟಿಲ್ಲವಲ್ಲ ಮೇಡಂ, ಗ್ರೀನ್ ಕಾರ್ಡ್ ಸರದಿಯಲ್ಲಿದ್ದೇವೆ, ಯಾಕೆ ಬೇಕು ಉಸಾಬರಿ’ ಎಂದರು ಒಬ್ಬರು. ನಿಜ, ನವೆಂಬರ್‌ನಲ್ಲಿ ಶಾಲೆ ಕಟ್ಟಲು ಸಾಲ ಎತ್ತುವ ಶಾಲಾ ಬಾಂಡ್‌ಗಳಿಗೆ ಮತ ಹಾಕಲು ಪೌರತ್ವ ಬೇಕು, ಆ ಸರದಿಯ ಸಂಕಟ ನನಗೂ ಗೊತ್ತು. ಆದರೆ ಆಸ್ತಿ ತೆರಿಗೆ ವಸೂಲಿ ಮಾಡುವಾಗ ವೀಸಾ ಕೇಳುತ್ತಾರೆಯೇ? ಸಭೆಯ ಮೈಕಿನ ಮುಂದೆ ನಿಂತಾಗಲೂ ನನ್ನನ್ನು ಯಾರೂ ಕೇಳಲಿಲ್ಲ. ಅದೂ ಅಲ್ಲದೆ, ಇಷ್ಟು ಅಂಜುವವರಿಗೆ ವಕೀಲರನ್ನು ಹಿಡಿಯುವ ಧೈರ್ಯ ಎಲ್ಲಿಂದ ಬಂತೋ.

ರಾಜ್ಯೋತ್ಸವಕ್ಕೆ ಸಭಾಂಗಣ ತುಂಬಿಸುವ ನಮಗೆ ಆ ರೀಝೋನಿಂಗ್ ಸಭೆಯಲ್ಲಿ ಒಂದು ಸಾಲು ತುಂಬಿಸಲಾಗಲಿಲ್ಲ. ಬಿಲ್ಡರ್ ಕಡೆಯವರು ಮಾತ್ರ ಇಸ್ತ್ರಿ ಮಾಡಿದ ಸೂಟಿನಲ್ಲಿ ಹೊತ್ತಿಗೆ ಮುಂಚೆಯೇ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು.

ಪೆಟ್ರೋಲ್ ಬಂಕಿನ ಆಚೆ ಇನ್ನೊಂದು ಫಲಕ ಎದ್ದಿದೆ, ಗಮನಿಸಿದಿರಾ? ಸಭೆ ಮುಂದಿನ ತಿಂಗಳು. ನನ್ನ ಕಾರಿನಲ್ಲಿ ಸೀಟು ಖಾಲಿ ಇದೆ, ಬರುವವರು ಹೆಸರು ಬರೆಯಿರಿ. ಬಿಸಿಬೇಳೆಬಾತ್ ವ್ಯವಸ್ಥೆ ಇರುವುದಿಲ್ಲ.