ಸ್ಪಷ್ಟನೆ: ಪಿಟಿಯಲ್ಲಿ ಪಾಸಾಗದಿದ್ದರೆ ಹೈಸ್ಕೂಲು ಮುಗಿಯುವುದಿಲ್ಲವೇ?

"ದಿನಕ್ಕೆ 60 ನಿಮಿಷ ಪಿಟಿ ಕ್ಲಾಸ್ ಕಡ್ಡಾಯ, ಅದರಲ್ಲಿ ಫೇಲಾದರೆ ಹೈಸ್ಕೂಲು ಸರ್ಟಿಫಿಕೇಟ್ ಇಲ್ಲ, ಇದು ವಿಶ್ವ ಆರೋಗ್ಯ ಸಂಸ್ಥೆಯ ಆದೇಶ" ಎನ್ನುವ ಮೆಸೇಜ್ ಓಡಾಡುತ್ತಿದೆ. ಪೂರ್ತಿ ಓದದೆ ನಾನೂ ಎರಡು ಗ್ರೂಪಿಗೆ ಕಳಿಸಿಬಿಟ್ಟಿದ್ದೆ. ಅದು ತಪ್ಪು.

ಸಂಸ್ಥೆಯ 2020ರ ಮಾರ್ಗಸೂಚಿ ಹೇಳುವುದು ಇಷ್ಟು: 5ರಿಂದ 17 ವರ್ಷದವರು ವಾರದ ಲೆಕ್ಕದಲ್ಲಿ ಸರಾಸರಿ ದಿನಕ್ಕೆ 60 ನಿಮಿಷವಾದರೂ ಉಸಿರು ಜೋರಾಗುವಂತೆ ಮೈ ದಣಿಸಬೇಕು. ಮೂಳೆ, ಸ್ನಾಯು ಗಟ್ಟಿಮಾಡುವ ಚಟುವಟಿಕೆ ವಾರಕ್ಕೆ 3 ದಿನವಾದರೂ ಇರಬೇಕು. ಇದು ಸಲಹೆ, ಆದೇಶ ಅಲ್ಲ. ಸೈಕಲ್ ತುಳಿದು ಶಾಲೆಗೆ ಹೋದದ್ದು, ಸಂಜೆ ಆಡಿದ್ದು ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಪಾಸು-ಫೇಲಿನ ಮಾತೇ ಅದರಲ್ಲಿಲ್ಲ.

ಯುನೆಸ್ಕೋದ 1978ರ ಸನ್ನದು (2015ರಲ್ಲಿ ತಿದ್ದಿದ್ದಾರೆ) ದೈಹಿಕ ಶಿಕ್ಷಣ ಎಲ್ಲರ ಹಕ್ಕು ಎನ್ನುತ್ತದೆ. ಹಕ್ಕು ಅಂದರೆ ಮಕ್ಕಳಿಗೆ ಸಿಗಬೇಕಾದ್ದು. ಅದರ ಹೆಸರಲ್ಲಿ ಮಗುವನ್ನೇ ಫೇಲ್ ಮಾಡು ಅಂತಲ್ಲ, ಅಲ್ವಾ? ಹೈಸ್ಕೂಲು ಮುಗಿಸಲು ಏನು ಬೇಕೆಂದು ತೀರ್ಮಾನಿಸುವುದು ಆಯಾ ದೇಶ ಅಥವಾ ರಾಜ್ಯ. ಅಮೆರಿಕದಲ್ಲಂತೂ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ.

ಕಡ್ಡಾಯ ಮಾಡಬೇಕೇ ಎಂಬುದು ಬೇರೆಯೇ ಚರ್ಚೆ. ನನ್ನ ಕೇಳಿದರೆ ಪೀರಿಯಡ್ ಕಡ್ಡಾಯ ಇರಲಿ, ಓಟದ ಟೈಮಿಗೆ ಮಾರ್ಕ್ಸ್ ಬೇಡ. 45 ನಿಮಿಷದಲ್ಲಿ ಹಾಜರಿ, ಸಾಲು ನಿಲ್ಲಿಸುವುದು, ಚೆಂಡಿಗೆ ಕಾಯುವುದು ಕಳೆದರೆ ಮಕ್ಕಳು ಓಡುವುದೇ ಎಷ್ಟು ಹೊತ್ತು?

ಆ ಮೆಸೇಜ್ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ. ನನ್ನಿಂದ ಬಂದಿದ್ದರೆ ಡಿಲೀಟ್ ಮಾಡಿ.