ಔಷಧಿ ಡಬ್ಬಿಯ ಮೇಲಿನ ಎಚ್ಚರಿಕೆ ಯಾರಿಗಾಗಿ ಬರೆದದ್ದು?

ನಿನ್ನೆ ಸಂಜೆಯಿಂದ ಸಿಟ್ಟು ಇಳಿದಿಲ್ಲ. ಬರೆಯದಿದ್ದರೆ ಇಳಿಯುವುದೂ ಇಲ್ಲ.

ನಮ್ಮ ಕೆಳಗಿನ ಮನೆಯವರ ಅತ್ತೆಗೆ ಉಬ್ಬಸ. ಊರಿಂದ ಬಂದಿದ್ದಾರೆ ಅಂತ ಮಾತಾಡಿಸಲು ಹೋದೆ. "ಏನೋ ಕಣಮ್ಮ, ಹೊತ್ತೊತ್ತಿಗೆ ಸರಿಯಾಗಿ ಮಾತ್ರೆ ನುಂಗ್ತಾನೇ ಇದೀನಿ, ದಮ್ಮು ಮಾತ್ರ ಕಮ್ಮಿ ಆಗ್ತಿಲ್ಲ" ಅಂದರು. ಯಾವ ಮಾತ್ರೆ, ತೋರಿಸಿ ಅಂದೆ. ತಂದು ಕೊಟ್ಟಿದ್ದು ರೋಟಾಕ್ಯಾಪ್ ಡಬ್ಬಿ. ಅದು ನುಂಗುವ ಕ್ಯಾಪ್ಸೂಲ್ ಅಲ್ಲವೇ ಅಲ್ಲ. ಅದರೊಳಗಿರುವ ಪುಡಿಯನ್ನು ಒಂದು ಪುಟ್ಟ ಸಾಧನದಲ್ಲಿ ಹಾಕಿ, ಬಾಯಿಂದ ಜೋರಾಗಿ ಒಳಗೆ ಎಳೆದುಕೊಳ್ಳಬೇಕು. ಶ್ವಾಸಕೋಶಕ್ಕೆ ಹೋಗಬೇಕಾದ ಔಷಧಿ ಇಷ್ಟು ದಿನ ನೀರಿನ ಜೊತೆ ಹೊಟ್ಟೆಗೆ ಹೋಗಿದೆ. ಆ ಸಾಧನ ಕವರ್ ಕೂಡ ಒಡೆಯದೆ ಕಪಾಟಿನಲ್ಲಿ ಕೂತಿದೆ. ಔಷಧಿ ಸಾಲುತ್ತಿಲ್ಲ ಅಂದುಕೊಂಡ ಡಾಕ್ಟರು ಮೇಲೆ ಇನ್ನೊಂದು ಮಾತ್ರೆ ಬರೆದಿದ್ದಾರೆ.

ಡಬ್ಬಿಯ ಮೇಲೆ ನುಂಗಬಾರದು ಅಂತ ಬರೆದಿದೆ. ಇಂಗ್ಲಿಷಿನಲ್ಲಿ. ಸಾಸಿವೆ ಕಾಳಿಗಿಂತ ಚಿಕ್ಕ ಅಕ್ಷರದಲ್ಲಿ.

ಆಯಮ್ಮ ಓದಲು ಬಾರದವರಲ್ಲ. ದಿನಾ ಬೆಳಿಗ್ಗೆ ಪೇಪರನ್ನು ಮೊದಲ ಪುಟದಿಂದ ಶ್ರದ್ಧಾಂಜಲಿ ಜಾಹೀರಾತಿನವರೆಗೂ ಓದುತ್ತಾರೆ. ಕನ್ನಡದಲ್ಲಿ ಒಂದೇ ಒಂದು ಸಾಲು ಇದ್ದಿದ್ದರೆ ಸಾಕಿತ್ತು. "ನುಂಗಬೇಡಿ. ಸಾಧನದಲ್ಲಿ ಹಾಕಿ ಎಳೆದುಕೊಳ್ಳಿ." ಅಷ್ಟೇ. ಅದನ್ನು ಬರೆಯಲು ಯಾರಿಗೂ ಕೈ ಬರಲಿಲ್ಲ. ಮನೆಗೆ ಬಂದು ಸುಮ್ನೆ ಕೂತೆ. ಅಳು ಬಂತು, ನಿಜವಾಗಿ.

ನನ್ನ ಅರ್ಧ ಆಯಸ್ಸು ಮೆಡಿಕಲ್ ಸ್ಟೋರಿನ ಕೌಂಟರ್ ಹಿಂದೆಯೇ ಕಳೆದಿದೆ ಅಂತ ನಿಮಗೆಲ್ಲ ಗೊತ್ತು. ಹಾಗಾಗಿ ಇದು ಒಬ್ಬರ ಮನೆಯ ಕಥೆ ಅಲ್ಲ ಅಂತ ಗಟ್ಟಿಯಾಗಿ ಹೇಳಬಲ್ಲೆ. ಮಕ್ಕಳ ಜ್ವರದ ಔಷಧಿಯನ್ನೇ ತೆಗೆದುಕೊಳ್ಳಿ. ಪ್ಯಾರಾಸಿಟಮಾಲ್ ಡ್ರಾಪ್ಸ್ ಅಂದರೆ ಒಂದು ಎಂ.ಎಲ್‌.ನಲ್ಲಿ 100 ಮಿಲಿಗ್ರಾಂ. ಸಿರಪ್ ಅಂದರೆ ಐದು ಎಂ.ಎಲ್‌.ನಲ್ಲಿ 125, ಇಲ್ಲವೇ 250. ಅಣ್ಣನಿಗೆ ಸಿರಪ್ ಕುಡಿಸಿದ ಅದೇ ಐದು ಎಂ.ಎಲ್. ಚಮಚದಲ್ಲಿ ತಮ್ಮನಿಗೆ ಡ್ರಾಪ್ಸ್ ಕುಡಿಸಿದರೆ ಕೂಸಿನ ಹೊಟ್ಟೆಗೆ ಹೋಗುವುದು 500 ಮಿಲಿಗ್ರಾಂ! ಎರಡೂ ಬಾಟಲಿ ಒಂದೇ ಕಂಪನಿಯದು, ಒಂದೇ ಹೆಸರು, ಒಂದೇ ಬಣ್ಣ. ವ್ಯತ್ಯಾಸ ತಿಳಿಸುವ ಸಾಲು ಇಂಗ್ಲಿಷಿನದು. ಪುಡಿಗೆ ನೀರು ಕಲಸಿ ಕೊಡುವ ಡ್ರೈ ಸಿರಪ್ಪಿನ ಕಥೆಯೂ ಅದೇ. ಕಾಯಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಬೇಕು, ಪ್ರತಿ ಸಲ ಅಲ್ಲಾಡಿಸಬೇಕು, ಕಲಸಿದ ಮೇಲೆ ಹೇಳಿದಷ್ಟು ದಿನದೊಳಗೆ ಮುಗಿಸಿ ಉಳಿದದ್ದನ್ನು ಚೆಲ್ಲಬೇಕು. ಮುಂದಿನ ತಿಂಗಳ ಜ್ವರಕ್ಕೂ ಇರಲಿ ಅಂತ ಎತ್ತಿಟ್ಟ ಬಾಟಲಿಗಳನ್ನು ನಾನು ಎಷ್ಟು ಮನೆಗಳಲ್ಲಿ ನೋಡಿಲ್ಲ!

ಇವೆಲ್ಲದಕ್ಕಿಂತ ಜಾಸ್ತಿ ಹೆದರಿಸುವುದು ಮೆಥೊಟ್ರೆಕ್ಸೇಟ್. ಸಂಧಿವಾತಕ್ಕೆ ಕೊಡುವಾಗ ವಾರಕ್ಕೆ ಒಂದೇ ದಿನ ತಗೋಬೇಕಾದ ಮಾತ್ರೆ ಅದು. ನಮ್ಮ ಜನಕ್ಕೆ ಮಾತ್ರೆ ಅಂದರೆ ದಿನಾ ನುಂಗುವುದು ಅಂತಲೇ ಅಭ್ಯಾಸ. ಇದನ್ನು ದಿನಾ ನುಂಗಿದರೆ ಬಾಯಿ ಹುಣ್ಣಾಗುತ್ತದೆ, ರಕ್ತಕಣ ಕುಸಿಯುತ್ತವೆ, ಜೀವವೇ ಹೋಗಬಹುದು. ವೈದ್ಯಲೋಕಕ್ಕೆ ಇದು ಹೊಸ ವಿಷಯವೇನಲ್ಲ. ಆದರೂ "ವಾರಕ್ಕೊಮ್ಮೆ ಮಾತ್ರ" ಅನ್ನುವ ಮಾತು ರೋಗಿಯ ಕೈಗೆ ಅವನ ಭಾಷೆಯಲ್ಲಿ ಸೇರುವುದಿಲ್ಲ.

2023ರ ಡಿಸೆಂಬರಿನಲ್ಲಿ ಕೇಂದ್ರ ಔಷಧ ನಿಯಂತ್ರಕರು ಒಳ್ಳೆಯ ಆದೇಶವೊಂದನ್ನು ಹೊರಡಿಸಿದರು. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಸೇರಿದ ನೆಗಡಿ ಔಷಧಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು, ಹಾಗಂತ ಲೇಬಲ್ ಮೇಲೆ ಬರೆಯಬೇಕು ಅಂತ. ಬರೆದರು ಕೂಡ, ಇಂಗ್ಲಿಷಿನಲ್ಲಿ. ಮೂಗು ಕಟ್ಟಿ ಅಳುವ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ರಾತ್ರಿ ಆ ಬಾಟಲಿ ಮುಚ್ಚಳ ತೆಗೆಯುವವಳು ಯಾರು? ಆ ಎಚ್ಚರಿಕೆ ಬೇಕಿದ್ದದ್ದು ಅವಳಿಗೆ ತಾನೇ?

ಔಷಧಿ ಲೇಬಲ್ಲಿನ ನಿಯಮ ಇರುವುದು 1945ರ ಔಷಧ ನಿಯಮಗಳಲ್ಲಿ. ಏನು ಬರೆಯಬೇಕು, ಎಲ್ಲಿ ಕೆಂಪು ಗೆರೆ ಎಳೆಯಬೇಕು ಎಲ್ಲ ಅದರಲ್ಲಿದೆ. ರೋಗಿಯ ಭಾಷೆಯಲ್ಲಿ ಬರೆಯಬೇಕು ಅನ್ನುವುದು ಇಲ್ಲ. ಈಗ ಇದನ್ನು ಕೇಳಿ. ಇದೇ ದೇಶದ 1971ರ ಕೀಟನಾಶಕ ನಿಯಮಗಳು ಏನು ಹೇಳುತ್ತವೆ ಗೊತ್ತಾ? ಬಾಟಲಿ ಮಾರಾಟವಾಗುವ ಪ್ರದೇಶದ ಒಂದೆರಡು ಭಾಷೆಗಳಲ್ಲೂ ಲೇಬಲ್ ಇರಬೇಕು ಅಂತ. ಜೊತೆಗೆ ವಿಷದ ತೀವ್ರತೆ ತೋರಿಸಲು ಕೆಂಪು, ಹಳದಿ, ನೀಲಿ, ಹಸಿರು ಗುರುತು. ಅಕ್ಷರ ಬಾರದ ರೈತನಿಗೂ ಬಣ್ಣ ನೋಡಿ ತಿಳಿಯಲಿ ಅಂತ ಯಾರೋ ಪುಣ್ಯಾತ್ಮರು ಯೋಚನೆ ಮಾಡಿದ್ದಾರೆ. ಹೊಲಕ್ಕೆ ಹೊಡೆಯುವ ವಿಷಕ್ಕೆ ಕನ್ನಡ ಇದೆ. ಬಾಯಿಗೆ ಹಾಕುವ ಔಷಧಿಗೆ ಇಲ್ಲ. ಇದನ್ನು ಎಷ್ಟು ಸಲ ಹೇಳಿದರೂ ನನ್ನ ಹೊಟ್ಟೆ ಉರಿ ಕಮ್ಮಿ ಆಗುವುದಿಲ್ಲ.

ಇದಕ್ಕೆ ಬರುವ ಉತ್ತರ ನನಗೆ ಬಾಯಿಪಾಠ. "ಒಂದು ಫ್ಯಾಕ್ಟರಿಯಿಂದ ಇಡೀ ದೇಶಕ್ಕೆ ಮಾಲು ಹೋಗುತ್ತೆ, ಸಂವಿಧಾನದ ಎಂಟನೇ ಪರಿಚ್ಛೇದದಲ್ಲೇ 22 ಭಾಷೆ ಇವೆ, ಬೆರಳುದ್ದದ ಮಾತ್ರೆ ಪಟ್ಟಿಯಲ್ಲಿ ಎಲ್ಲಿ ಬರೀತೀರಿ?" ಪಟ್ಟಿಯಲ್ಲಿ ಜಾಗ ಇಲ್ಲ, ಒಪ್ಪುತ್ತೇನೆ. ಪಟ್ಟಿಯ ಮೇಲೆ ಬರೆಯಿರಿ ಅಂದವರು ಯಾರು? ಕೌಂಟರಿನಲ್ಲಿ ಬರೆಯಿರಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಾಗೇ ಮಾಡುತ್ತಾರೆ. ಔಷಧಿ ಕೊಡುವ ಅಂಗಡಿಯೇ ಲೇಬಲ್ ಅಂಟಿಸುತ್ತದೆ. ಹೇಗೆ ತಗೋಬೇಕು ಅನ್ನುವ ಮಾಮೂಲಿ ವಾಕ್ಯಗಳನ್ನು ಅಲ್ಲಿನ ಫಾರ್ಮಸಿ ಮಂಡಳಿಯೇ ಚೈನೀಸ್, ಕೊರಿಯನ್, ರಷ್ಯನ್, ಸ್ಪ್ಯಾನಿಷ್, ವಿಯೆಟ್ನಾಮೀಸ್ ಭಾಷೆಗಳಿಗೆ ಮಾಡಿಸಿ ಇಟ್ಟಿದೆ. ರೋಗಿ ಕೇಳಿದರೆ ಅಂಗಡಿಯವರು ಅದನ್ನು ಕೊಡಲೇಬೇಕು. ಯುರೋಪಿನ ಒಕ್ಕೂಟದಲ್ಲಿ ಔಷಧಿ ಮಾರುವ ದೇಶದ ಭಾಷೆಯಲ್ಲೇ ಒಳಗಿನ ಚೀಟಿ ಇರಬೇಕು, ಡಬ್ಬಿಯ ಮೇಲೆ ಹೆಸರು ಬ್ರೈಲ್ ಲಿಪಿಯಲ್ಲೂ ಇರಬೇಕು. ನಮ್ಮ ಅಂಗಡಿಗಳಲ್ಲಿ ಕಂಪ್ಯೂಟರ್ ಇದೆ, ಬಿಲ್ ಬರುವ ಪ್ರಿಂಟರ್ ಇದೆ. ಅದೇ ಪ್ರಿಂಟರಿನಿಂದ "ರಾತ್ರಿ ಊಟ ಆದ ಮೇಲೆ ಒಂದು, ಐದು ದಿನ" ಅಂತ ಬರಲು ಏನು ಅಡ್ಡಿ?

ಕ್ಯೂಆರ್ ಕೋಡ್ ಬಂದಿದೆಯಲ್ಲ ಅನ್ನುವವರೂ ಇದ್ದಾರೆ. ಹೌದು, ಜಾಸ್ತಿ ಮಾರಾಟವಾಗುವ 300 ಬ್ರ್ಯಾಂಡುಗಳಿಗೆ 2023ರ ಆಗಸ್ಟ್ 1ರಿಂದ ಕಡ್ಡಾಯವಾಗಿದೆ. ಅದರಲ್ಲಿ ಸಿಗುವುದು ತಯಾರಕರ ಹೆಸರು, ಬ್ಯಾಚ್ ನಂಬರು, ಎಕ್ಸ್‌ಪೈರಿ, ಲೈಸೆನ್ಸ್ ನಂಬರು. ಔಷಧಿ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ, ಒಳ್ಳೆಯದೇ. ಊಟಕ್ಕೆ ಮೊದಲೋ ಆಮೇಲೋ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ.

"ಬಾಯಲ್ಲಿ ಹೇಳಿ ಕಳಿಸ್ತೀವಲ್ಲ" ಅನ್ನುತ್ತಾರೆ ನನ್ನ ವೃತ್ತಿಯವರೇ. ಫಾರ್ಮಸಿಸ್ಟ್ ಖುದ್ದಾಗಿ ರೋಗಿಗೆ ವಿವರಿಸಬೇಕು ಅಂತ 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳಲ್ಲಿ ಇದೆ, ನಿಜ. ಸಂಜೆ ಏಳು ಗಂಟೆಗೆ ಡಾಕ್ಟರ ಕ್ಲಿನಿಕ್ ಬಿಟ್ಟ ಹೊತ್ತಿನಲ್ಲಿ ಕೌಂಟರ್ ಮುಂದೆ ಹತ್ತು ಕೈ ಚೀಟಿ ಚಾಚಿರುತ್ತವೆ. "ಇದು ಬೆಳಿಗ್ಗೆ, ಇದು ಎರಡು ಹೊತ್ತು, ಇದು ಖಾಲಿ ಹೊಟ್ಟೆಗೆ" ಅಂತ ಒಂದೇ ಉಸಿರಿಗೆ ಹೇಳಿ ಕವರಿನ ಮೇಲೆ 1-0-1 (ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು) ಅಂತ ಗೀಚಿ ಕೊಡುತ್ತೇವೆ. ಐದು ಥರದ ಮಾತ್ರೆ ಹಿಡಿದು ಬಸ್ಸು ಹತ್ತಿ ಊರು ಸೇರುವಷ್ಟರಲ್ಲಿ ಅದರಲ್ಲಿ ಎಷ್ಟು ನೆನಪಿರುತ್ತದೆ? ಪಟ್ಟಿಯಿಂದ ಕತ್ತರಿಸಿ ಕೊಟ್ಟ ನಾಲ್ಕು ಮಾತ್ರೆಯ ಮೇಲೆ ಎಷ್ಟೋ ಸಲ ಹೆಸರೂ ಇರುವುದಿಲ್ಲ, ಎಕ್ಸ್‌ಪೈರಿಯೂ ಇರುವುದಿಲ್ಲ.

2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ ಅವರು ಸರ್ಕಾರಿ ವೈದ್ಯರು ಔಷಧಿ ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಅಂತ ಆರೋಗ್ಯ ಸಚಿವರನ್ನು ಕೇಳಿದ್ದರು. ಆಗ ಪರ-ವಿರೋಧ ಬೇಕಾದಷ್ಟು ನಡೆಯಿತು. ನನ್ನ ಮಟ್ಟಿಗೆ ಔಷಧಿಯ ಹೆಸರು ಇಂಗ್ಲಿಷಿನಲ್ಲೇ ಇರಲಿ. ಬೇರೆ ರಾಜ್ಯದ ಆಸ್ಪತ್ರೆಗೆ ಹೋದರೂ ಅರ್ಥವಾಗಬೇಕಲ್ಲ. ಆದರೆ ಎಷ್ಟು, ಯಾವಾಗ, ಎಷ್ಟು ದಿನ, ಏನು ಮಾಡಬಾರದು, ಈ ನಾಲ್ಕು ಮಾತು ಕನ್ನಡದಲ್ಲಿ ಇರಲೇಬೇಕು. ಬೆಂಗಳೂರಿನ ಕಟ್ಟಡ ಕೆಲಸದಲ್ಲಿರುವ ಬಿಹಾರದ ಹುಡುಗನಿಗೆ ಅವನ ಹಿಂದಿಯಲ್ಲಿ ಇರಲಿ. ಮುಂಬೈಯಲ್ಲಿ ದುಡಿಯುವ ಕಲಬುರಗಿಯವನಿಗೆ ಅಲ್ಲಿ ಕನ್ನಡದಲ್ಲಿ ಸಿಗಲಿ. ಓದಲು ಬಾರದವರಿಗೆ ಸೂರ್ಯ, ಚಂದ್ರ, ಊಟದ ತಟ್ಟೆಯ ಚಿತ್ರ ಇರಲಿ. ಇದರಲ್ಲಿ ಭಾಷೆಯ ಜಗಳವೇ ಇಲ್ಲ, ಜೀವದ ಮಾತು ಇದು.

ದೆಹಲಿಯಲ್ಲಿ ನಿಯಮ ಬದಲಾಗಲಿ ಅಂತ ಕಾಯುವ ಅಗತ್ಯವೂ ಇಲ್ಲ. ನಮ್ಮ ಸರ್ಕಾರಿ ಆಸ್ಪತ್ರೆಗಳಿಗೆ ಔಷಧಿ ಕೊಳ್ಳುವುದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ. ದುಡ್ಡು ಕೊಡುವವರು ನಾವು. ಡಬ್ಬಿಯ ಮೇಲೆ, ಕವರಿನ ಮೇಲೆ ಕನ್ನಡದಲ್ಲಿ ಬಳಕೆಯ ವಿವರ ಇರಬೇಕು ಅಂತ ಟೆಂಡರಿನಲ್ಲೇ ಒಂದು ಷರತ್ತು ಹಾಕಲಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಲು ನಿಂತು ಬಿಪಿ ಮಾತ್ರೆ, ಶುಗರ್ ಮಾತ್ರೆ ಇಸ್ಕೊಳ್ಳುವವರಿಗೆ ಮೊದಲು ಸಿಗಲಿ.

ನಾನು ರಾತ್ರಿ ಕೂತು ಕೌಂಟರಿನಲ್ಲಿ ದಿನಾ ಬಳಸುವ ವಾಕ್ಯಗಳನ್ನೆಲ್ಲ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿದ್ದೇನೆ. ನುಂಗಬೇಡಿ, ಅಗಿಯಬೇಡಿ, ಅಲ್ಲಾಡಿಸಿ ಕುಡಿಯಿರಿ, ವಾರಕ್ಕೊಮ್ಮೆ ಮಾತ್ರ, ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ, ಹೀಗೆ. ಮೆಡಿಕಲ್ ಸ್ಟೋರ್ ಇಟ್ಟಿರುವ ಗೆಳೆಯರು ಇನ್‌ಬಾಕ್ಸಿಗೆ ಬನ್ನಿ, ಫೈಲ್ ಕಳಿಸುತ್ತೇನೆ. ಸ್ಟಿಕರ್ ರೋಲಿನ ಮೇಲೆ ಪ್ರಿಂಟ್ ಹಾಕಿಸಿ ಕೌಂಟರಿನಲ್ಲಿ ಇಟ್ಟುಕೊಳ್ಳಿ. ವೈದ್ಯರಾಗಿರುವವರು ಒಂದು ಸಲ ಓದಿ, ಏನು ಸೇರಿಸಬೇಕು ಹೇಳಿ. ತುಳು, ಉರ್ದು, ಕೊಂಕಣಿ ಬಲ್ಲವರು ಇದ್ದರೆ ಆ ಭಾಷೆಗಳಲ್ಲೂ ಮಾಡಿಕೊಡಿ.