ತೂಕದ ಮೋಸಕ್ಕೆ ಒಂದು ನ್ಯಾಯ, ಲೆಕ್ಕದ ಮೋಸಕ್ಕೆ ಇನ್ನೊಂದಾ?

ಇವತ್ತು ಬೆಳಿಗ್ಗೆ ನಮ್ಮ ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ಒಂದು ಗಲಾಟೆ ನೋಡಿದೆ. ಜಗಳೂರು ಕಡೆಯ ರೈತರೊಬ್ಬರು ಮೆಕ್ಕೆಜೋಳ ತಂದಿದ್ದರು. ತೂಕ ಆಗುವಾಗ ಅವರಿಗೆ ಏನೋ ಅನುಮಾನ ಬಂತು. "ಆ ಚೀಲ ಇಳಸ್ರಿ, ಬಾಜೂ ಅಂಗಡಿ ಕಾಟಾದಾಗ ಹಾಕ್ರಿ" ಅಂದರು. ಹಾಕಿದರು. ಒಂದೇ ಚೀಲಕ್ಕೆ ಒಂದೂಕಾಲು ಕೆಜಿ ವ್ಯತ್ಯಾಸ. ಹಮಾಲರು, ಬೇರೆ ರೈತರು, ಟೀ ಕೊಡೋಕೆ ಬಂದಿದ್ದ ಹುಡುಗ, ಎಲ್ಲರೂ ಅಂಗಡಿ ಮುಂದೆ ಜಮಾಯಿಸಿದರು. ಅಷ್ಟೂ ಚೀಲ ಮತ್ತೆ ತೂಗಿಸಿ, ಚೀಟಿ ತಿದ್ದಿಸಿದ ಮೇಲೇ ಜನ ಕದಲಿದ್ದು. "ಹೋಗ್ಲಿ ಬಿಡಪ್ಪ, ವ್ಯಾಪಾರ ಅಂದ್ಮೇಲೆ ಇದ್ದದ್ದೇ" ಅಂತ ಒಬ್ಬರೂ ಅನ್ನಲಿಲ್ಲ. ನಿಜ ಹೇಳ್ತೀನಿ, ನನಗೆ ಕಣ್ಣು ತುಂಬಿ ಬಂತು.

ಯಾಕಂದರೆ ಇದೇ ಯಾರ್ಡಿನಲ್ಲಿ, ಇದೇ ಜನರ ಬಾಯಲ್ಲಿ ಎಂಟು ತಿಂಗಳಿಂದ ನಾನು ಕೇಳುತ್ತಿರುವುದು ಬೇರೆಯೇ ಮಾತು. "ಷೇರು ಅಂದ್ರೆ ಹೋಗ್ತೈತಿ, ಬರ್ತೈತಿ. ಅದಕ್ಕೆಲ್ಲ ಕೋರ್ಟು ಕಚೇರಿ ಯಾಕ್ರೀ?"

ಅಕ್ಕನ ವಿಷಯ ನಿಮಗೆಲ್ಲ ಗೊತ್ತು. ಮೂವತ್ನಾಲ್ಕು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿ ರಿಟೈರ್ ಆದವಳು. ಗ್ರಾಚುಟಿ ದುಡ್ಡಲ್ಲಿ ನಾಲ್ಕು ಲಕ್ಷ ಒಂದು ಕಂಪನಿಯ ಷೇರಿಗೆ ಹೋಯಿತು. ಕಂಪನಿ ಹೆಸರು ಇಲ್ಲಿ ಬರೆಯಲ್ಲ, ವಕೀಲರು ಬೇಡ ಅಂದಿದ್ದಾರೆ. ಪ್ರತಿ ವರ್ಷ ಲಾಭ ತೋರಿಸಿದರು, ಆಡಿಟರ್ ಸಹಿ ಹಾಕಿದರು. ಆಮೇಲೆ ಗೊತ್ತಾಗಿದ್ದು, ಮಾಲೇ ಇಲ್ಲದೆ ಬಿಲ್ಲು ಹರಿದಿದ್ದಾರೆ, ತಮ್ಮದೇ ಬೇನಾಮಿ ಕಂಪನಿಗಳಿಗೆ ಮಾರಿದ ಹಾಗೆ ಬರೆದುಕೊಂಡಿದ್ದಾರೆ. ಇವತ್ತು ಆ ನಾಲ್ಕು ಲಕ್ಷದ ಬೆಲೆ ಮೂವತ್ತೊಂದು ಸಾವಿರ.

ಜೋಳದ ರೇಟು ಬಿದ್ದರೆ ರೈತ ಹಣೆ ಹಣೆ ಬಡಿದುಕೊಳ್ಳುತ್ತಾನೆ, ಯಾರ ಮೇಲೂ ಕೇಸು ಹಾಕಲ್ಲ. ಅಂಥ ನಷ್ಟ ನಮ್ಮದು, ಒಪ್ಪಿದೆ. ಆದರೆ ಕಾಟಾನೇ ಕೆಡಿಸಿಟ್ಟಿದ್ದರೆ? ಕಂಪನಿಯ ಬ್ಯಾಲೆನ್ಸ್ ಶೀಟು ಅಂದರೆ ನಮ್ಮಂಥವರಿಗೆ ಇರುವ ಒಂದೇ ಒಂದು ಕಾಟಾ. ಫ್ಯಾಕ್ಟರಿಗೆ ಹೋಗಿ ಗೋದಾಮು ಎಣಿಸೋಕೆ ನಮಗೆ ಆಗುತ್ತಾ? ಅವರು ಅಚ್ಚು ಹಾಕಿಸಿ ಕೊಟ್ಟ ಅಂಕಿ ನಂಬಿ ದುಡ್ಡು ಹಾಕಿದ್ದೇವೆ. ಆ ಅಂಕಿಯೇ ಸುಳ್ಳು ಅಂದಮೇಲೆ ಅದಕ್ಕೆ ಮಾರುಕಟ್ಟೆಯ ಏರಿಳಿತ ಅಂತ ಹೆಸರಿಡಬೇಡಿ. ಅದು ಕಳವು.

ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ನೆನಪಿದೆಯಲ್ಲ? 2009ರ ಜನವರಿ 7. ಅಧ್ಯಕ್ಷ ರಾಮಲಿಂಗ ರಾಜು ತಾವೇ ಪತ್ರ ಬರೆದು ಒಪ್ಪಿಕೊಂಡರು, ಪುಸ್ತಕದಲ್ಲಿ ತೋರಿಸಿದ ದುಡ್ಡಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಅಂತ. ಹಿಂದಿನ ದಿನ 179 ರೂಪಾಯಿ ಆಸುಪಾಸಿನಲ್ಲಿದ್ದ ಷೇರು ಅವತ್ತು ಸಂಜೆಗೆ 40ಕ್ಕೆ ಬಂದು ನಿಂತಿತು. ಮುಂದಿನದು ಕೇಳಿ. ಅಮೆರಿಕದ ಮಾರುಕಟ್ಟೆಯಲ್ಲಿ ಸತ್ಯಂ ಷೇರು ಕೊಂಡಿದ್ದವರು ಅಲ್ಲಿನ ಕೋರ್ಟಿನಲ್ಲಿ ಎಲ್ಲರೂ ಸೇರಿ ದಾವೆ ಹೂಡಿದರು. 2011ರಲ್ಲಿ ಕಂಪನಿ 12.5 ಕೋಟಿ ಡಾಲರ್ ಕೊಡಲು ಒಪ್ಪಿತು, ಆಡಿಟ್ ಮಾಡಿದ್ದ ಪ್ರೈಸ್‌ವಾಟರ್‌ಹೌಸ್ ಕೂಪರ್ಸ್ ಬೇರೆ 2.55 ಕೋಟಿ ಡಾಲರ್. ಇಲ್ಲಿನವರು? ಹೂಡಿಕೆದಾರರ ಸಂಘವೊಂದು ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ ಹೋಯಿತು, ಸುಪ್ರೀಂ ಕೋರ್ಟಿಗೂ ಹೋಯಿತು, ಎರಡೂ ಕಡೆ ಬರಿಗೈ. ಅದೇ ಕಂಪನಿ, ಅದೇ ಸುಳ್ಳು, ಅದೇ ಸಹಿ. ಅಲ್ಲಿ ಕೊಂಡವನಿಗೆ ಪರಿಹಾರ, ಹೈದರಾಬಾದಿನಲ್ಲೋ ದಾವಣಗೆರೆಯಲ್ಲೋ ಕೊಂಡವನಿಗೆ ಸಮಾಧಾನದ ಮಾತು. ಇದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಗ ನಮ್ಮಲ್ಲಿ ಅಂಥ ಕಾನೂನು ಇರಲಿಲ್ಲ. ಈಗ ಇದೆ! 2013ರ ಕಂಪನಿ ಕಾಯ್ದೆಯ 245ನೇ ಕಲಂ 2016ರ ಜೂನ್ 1ರಿಂದ ಜಾರಿಯಲ್ಲಿದೆ. ಷೇರುದಾರರು ಒಟ್ಟಾಗಿ ಎನ್‌ಸಿಎಲ್‌ಟಿ ಅಂತಾರಲ್ಲ, ಆ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗಬಹುದು. ಎಷ್ಟು ಜನ ಬೇಕು ಅಂತ 2019ರಲ್ಲಿ ನಿಯಮ ಬಂತು: ಒಟ್ಟು ಷೇರುದಾರರಲ್ಲಿ ನೂರಕ್ಕೆ ಐದು ಜನ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಸಾಕು. ಕೋಟಿಗಟ್ಟಲೆ ಷೇರು ಇರಬೇಕಾಗಿಲ್ಲ. ನೂರೇ ಜನ. ನಮ್ಮ ಬೀದಿಯ ಗಣಪತಿಗೆ ಪಟ್ಟಿ ಎತ್ತಲು ಹೋದರೆ ಅದಕ್ಕಿಂತ ಹೆಚ್ಚು ಮನೆ ಸಿಗುತ್ತವೆ.

"ಕಂಪನಿ ಮೇಲೆ ಕೇಸು ಹಾಕಿದ್ರೆ ನಿಮ್ಮ ದುಡ್ಡನ್ನೇ ನಿಮಗೆ ಕೊಡ್ತಾರೆ, ಕಂಪನಿ ನಿಮ್ಮದೇ ತಾನೆ" ಅಂತ ಮೊನ್ನೆ ಪಿ.ಬಿ. ರೋಡಿನಲ್ಲಿ ಸಿಕ್ಕ ಹಳೆಯ ಸ್ನೇಹಿತರೊಬ್ಬರು ಅಂದರು, ಬ್ಯಾಂಕಿನಲ್ಲಿದ್ದವರು. ಮಾತಿನಲ್ಲಿ ಸ್ವಲ್ಪ ಹುರುಳಿದೆ. ಕಂಪನಿ ದಿವಾಳಿಯಾದರಂತೂ ಹಂಚಿಕೆಯ ಸಾಲಿನಲ್ಲಿ ಷೇರುದಾರ ಕಟ್ಟಕಡೆಯವನು, ಬ್ಯಾಂಕಿನವರೆಲ್ಲ ತಗೊಂಡ ಮೇಲೆ ಉಳಿದರೆ ಉಂಟು. ಆದರೆ 245ನೇ ಕಲಂನಲ್ಲಿ ಪರಿಹಾರ ಕೇಳುವುದು ಕಂಪನಿಯಿಂದ ಮಾತ್ರ ಅಲ್ಲ. ಡೈರೆಕ್ಟರುಗಳಿಂದ ಕೇಳಬಹುದು, ಆಡಿಟರ್‌ನಿಂದ ಕೇಳಬಹುದು, ಆಡಿಟ್ ಸಂಸ್ಥೆಯಿಂದಲೂ ಕೇಳಬಹುದು. ಸಹಿ ಹಾಕಿದ ಕೈ ಹಿಡಿದು ಕೇಳಬಹುದು. ವಕೀಲರ ಖರ್ಚು ಅಂತ ಹೆದರಿಸುವವರಿಗೂ ಒಂದು ಮಾತು: ಏಳು ವರ್ಷ ಯಾರೂ ಕೇಳದ ಡಿವಿಡೆಂಡು ಹೋಗಿ ಸೇರುವ ಸರ್ಕಾರದ ನಿಧಿ ಇದೆಯಲ್ಲ, ನ್ಯಾಯಮಂಡಳಿ ಒಪ್ಪಿದರೆ ಇಂಥ ಕೇಸಿನ ಖರ್ಚನ್ನು ಅದರಿಂದ ವಾಪಸ್ ಕೊಡಬಹುದು ಅಂತ ಅದೇ ಕಾಯ್ದೆ ಹೇಳುತ್ತದೆ. ವರ್ಷಗಟ್ಟಲೆ ಹಿಡಿಯುತ್ತೆ ಅನ್ನುತ್ತೀರಾ? ಹಿಡಿಯಲಿ. ಸುಮ್ಮನೆ ಕೂತರೂ ವರ್ಷ ಹೋಗುತ್ತವೆ.

ಇನ್ನೊಂದು ಮಾತು ಬರೆಯಲೇಬೇಕು. ಆ ಷೇರು ಕೊಳ್ಳು ಅಂತ ಅಕ್ಕನಿಗೆ ಹೇಳಿದವನು ನಾನೇ. ಅವಳಿಗೆ ಪೋಸ್ಟಾಫೀಸಿನಲ್ಲಿ ಇಡುವ ಮನಸ್ಸಿತ್ತು. ವಿಷಯ ಹೊರಗೆ ಬಂದಮೇಲೂ ಯುಗಾದಿ ದಿನ ಅವಳು ಬೇವುಬೆಲ್ಲ ಕೊಡುತ್ತಾ "ಆ ದುಡ್ಡು ಹೆಂಗೈತೋ?" ಅಂತ ಕೇಳಿದಾಗ ನಾನು ಅಂದದ್ದು, "ಏರಿಳಿತ ಇದ್ದದ್ದೇ ಅಕ್ಕ." ಯಾವ ಮಾತಿಗೆ ಇವತ್ತು ಇಷ್ಟು ಸಿಟ್ಟು ಮಾಡಿಕೊಂಡಿದ್ದೇನೋ ಅದೇ ಮಾತನ್ನು ಅವಳ ಮುಖ ನೋಡದೆ ಅಂದಿದ್ದೆ. ಮತ್ತೆರಡು ತಿಂಗಳು ನಿದ್ದೆ ಇರಲಿಲ್ಲ. ಕೊನೆಗೆ ಕೆ.ಟಿ.ಜೆ. ನಗರದ ಅವಳ ಮನೆಗೆ ಹೋಗಿ ಎಲ್ಲ ಹೇಳಿದೆ. ಬೈಯಲಿಲ್ಲ. ಕನ್ನಡಕ ಸೆರಗಲ್ಲಿ ಒರೆಸಿಕೊಂಡು, ವಾರ್ಷಿಕ ವರದಿ ಇಸಕೊಂಡು, ಒಂದೊಂದೇ ಹಾಳೆ ತಿರುವಿ, ಕೆಳಗಿದ್ದ ಸಹಿಗಳ ಮೇಲೆ ಬೆರಳಿಟ್ಟಳು. "ಮಾರ್ಕ್ಸ್ ಕಾರ್ಡಿನಾಗ ಒಂದು ಅಂಕಿ ಸುಳ್ಳು ಬರದು ಸಹಿ ಹಾಕಿದ್ರ ನನ್ನ ನೌಕರಿ ಹೋಗ್ತಿತ್ತು. ಇವರದ್ದು ಏನು ಹೋತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನವೇ ವಕೀಲರ ಹತ್ತಿರ ಹೋದೆ.

ಆ ಕಂಪನಿಯ ರಿಜಿಸ್ಟರ್ಡ್ ಆಫೀಸು ಮುಂಬೈಯಲ್ಲಿರುವುದರಿಂದ ಕೇಸು ಅಲ್ಲಿನ ಪೀಠಕ್ಕೇ ಹೋಗಬೇಕು. ಹೋಗೋಣ. ದಾವಣಗೆರೆ, ಹರಿಹರ, ಚಿತ್ರದುರ್ಗದಲ್ಲಿ ಯಾರ ಹತ್ತಿರ ಇಂಥ ಷೇರು ಇದೆ ಅಂತ ಅನುಮಾನ ಬಂದರೂ ಇನ್‌ಬಾಕ್ಸಿಗೆ ಬನ್ನಿ, ಕಂಪನಿ ಹೆಸರು ಅಲ್ಲೇ ಹೇಳ್ತೀನಿ. ಕೊಂಡಾಗಿನ ಕಾಂಟ್ರಾಕ್ಟ್ ನೋಟು, ಡಿಮ್ಯಾಟ್ ಸ್ಟೇಟ್‌ಮೆಂಟು, ಕಂಪನಿ ಕಳಿಸಿದ ಇಮೇಲು, ಏನಿದ್ದರೂ ಅಳಿಸಬೇಡಿ. ಕಾಲಮಿತಿ ಇದೆ, ಆಮೇಲೆ ನೋಡೋಣ ಅನ್ನಬೇಡಿ.

ಭಾನುವಾರ ಹತ್ತು ಗಂಟೆಗೆ ಅಕ್ಕನ ಮನೆಯಲ್ಲಿ ಸೇರುತ್ತಿದ್ದೇವೆ. ಅವಳು ಶಾಲೆಯ ಹಾಜರಿ ಪುಸ್ತಕದ ಹಾಗೆ ಗೆರೆ ಎಳೆದು, 1ರಿಂದ 100ರವರೆಗೆ ಕ್ರಮಸಂಖ್ಯೆ ಬರೆದಿಟ್ಟಿದ್ದಾಳೆ. ನಿನ್ನೆ ರಾತ್ರಿಗೆ ಹನ್ನೊಂದು ಹೆಸರು ತುಂಬಿವೆ.